ಎಣಿಸುವುದೋ, ತೂಗುವುದೋ? ಡಿಸಿ ವೋಲ್ಟೇಜ್ ಅಳತೆಯ ಒಂದು ಪಾಠ

ತರಗತಿ: ದ್ವಿತೀಯ ಪಿಯುಸಿ, ಎಲೆಕ್ಟ್ರಾನಿಕ್ಸ್
ಅವಧಿ: 45 ನಿಮಿಷ
ಪೂರ್ವಜ್ಞಾನ: ಆವೃತ್ತಿ, ದ್ವಿಮಾನ ಸಂಖ್ಯೆಗಳು, ಕೌಂಟರ್

ಉದ್ದೇಶ

ಡಿಜಿಟಲ್ ಮೀಟರಿನ ಕೊನೆಯ ಅಂಕಿಯನ್ನೂ ವಿದ್ಯಾರ್ಥಿಗಳು ಪ್ರಶ್ನಿಸದೆ ರೆಕಾರ್ಡ್ ಪುಸ್ತಕಕ್ಕೆ ಇಳಿಸುತ್ತಾರೆ. ಬಿಟ್‌ಗಳು ಹೆಚ್ಚಿದಷ್ಟೂ ಅಳತೆ ಸರಿ ಎಂಬ ನಂಬಿಕೆ ಇದರ ಹಿಂದಿದೆ. ವ್ಯತ್ಯಾಸಗಳ ಪಟ್ಟಿ ಬರೆಸಿದರೆ ಈ ನಂಬಿಕೆ ಅಲುಗುವುದಿಲ್ಲ. ಆದ್ದರಿಂದ ನಾನು ಪಾಠವನ್ನು ಒಂದು ಆಯ್ಕೆಯ ಸಮಸ್ಯೆಯಾಗಿ ಯೋಜಿಸಿದೆ.

ಪೀಠಿಕೆ

ಧಾನ್ಯ ಅಳೆಯಲು ಎರಡು ದಾರಿಗಳಿವೆ. ತಕ್ಕಡಿಯಲ್ಲಿ ಮೊದಲು ದೊಡ್ಡ ಬೊಟ್ಟು, ನಂತರ ಅದರ ಅರ್ಧ, ಅದರರ್ಧ ಇಟ್ಟು ನೋಡುವುದು ಒಂದು. ಅನುಕ್ರಮ ಅಂದಾಜಿನ ಎಡಿಸಿ ಮಾಡುವುದು ಇದನ್ನೇ. ಸುರಿಯುತ್ತಿರುವ ರಾಗಿಯ ಕೆಳಗೆ ಸೇರು ಹಿಡಿದು, ತುಂಬಿದಂತೆಲ್ಲ ಬರಿದು ಮಾಡಿ, ನಿಮಿಷಕ್ಕೆ ಎಷ್ಟು ಸೇರು ಎಂದು ಎಣಿಸುವುದು ಇನ್ನೊಂದು. ಎಲ್‌ಎಂ331ನಂತಹ ವೋಲ್ಟೇಜ್–ಆವೃತ್ತಿ ಪರಿವರ್ತಕದಲ್ಲಿ ಪ್ರತಿ ಸ್ಪಂದಕ್ಕೂ ನಿಗದಿತ ವಿದ್ಯುದಾವೇಶವೇ ಆ ಸೇರು.

ಬೆಳವಣಿಗೆ

0–10 ವೋಲ್ಟ್‌ಗೆ 0–10 ಕಿಲೋಹರ್ಟ್ಸ್ ಎಂದು ಇಟ್ಟುಕೊಂಡು ಲೆಕ್ಕ ಮಾಡಿಸಿದೆ. 1 ಸೆಕೆಂಡು ಎಣಿಸಿದರೆ ಪೂರ್ಣ ಅಳತೆಗೆ 10,000 ಎಣಿಕೆ, ಅಂದರೆ ಒಂದು ಎಣಿಕೆಗೆ 1 ಮಿಲಿವೋಲ್ಟ್. 0.1 ಸೆಕೆಂಡಿಗೆ 10 ಮಿಲಿವೋಲ್ಟ್. 12 ಬಿಟ್ ಎಡಿಸಿಯ ಮೆಟ್ಟಿಲು 2.44 ಮಿಲಿವೋಲ್ಟ್, 16 ಬಿಟ್‌ನದು ಸುಮಾರು 0.15. ನಂತರ ಎರಡು ಸಮಸ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ.

1. ಬೆಂಚಿನ ಮೇಲಿನ 8 ಸಂವೇದಕಗಳನ್ನು ಒಂದೇ ಪರಿವರ್ತಕದಿಂದ, ಪ್ರತಿಯೊಂದನ್ನೂ ಸೆಕೆಂಡಿಗೆ 100 ಸಲ ಓದಬೇಕು.
2. 200 ಮೀಟರ್ ದೂರದ ತೊಟ್ಟಿಯ ನೀರಿನ ಮಟ್ಟ ತಿಳಿಯಬೇಕು. ತಂತಿ ಪಂಪ್‌ಸೆಟ್ಟಿನ ತಂತಿಯ ಪಕ್ಕದಲ್ಲೇ ಬರುತ್ತದೆ.

ಮೊದಲನೆಯದರಲ್ಲಿ ಒಂದು ಓದಿಗೆ ಸಿಗುವ ಕಾಲ 1.25 ಮಿಲಿಸೆಕೆಂಡು. ಅಷ್ಟರಲ್ಲಿ ಹೆಚ್ಚೆಂದರೆ ಹನ್ನೆರಡು–ಹದಿಮೂರು ಸ್ಪಂದಗಳು. ಇಲ್ಲಿ ಎಡಿಸಿಯೇ ಬೇಕೆಂದು ಮಕ್ಕಳೇ ಹೇಳಿದರು. ಎರಡನೆಯದರಲ್ಲಿ ನೀರು ನಿಧಾನವಾಗಿ ಬದಲಾಗುವುದರಿಂದ 1 ಸೆಕೆಂಡು ಕಾಯಬಹುದು. ತಂತಿಯಲ್ಲಿ ಸ್ಪಂದದ ಎತ್ತರ ಕುಗ್ಗಿದರೂ ಎಣಿಕೆ ಬದಲಾಗದು. ಒಂದೇ ಆಪ್ಟೋಕಪ್ಲರ್‌ನಿಂದ ವಿದ್ಯುತ್ ಪ್ರತ್ಯೇಕತೆ ಸಿಗುತ್ತದೆ. ಎಣಿಸುವ ಕಾಲ 20 ಮಿಲಿಸೆಕೆಂಡಿನ ಪೂರ್ಣ ಗುಣಕವಾದರೆ, ಸಂವೇದಕದ ವೋಲ್ಟೇಜಿನಲ್ಲಿ ಬೆರೆತ 50 ಹರ್ಟ್ಸ್ ಗದ್ದಲವೂ ಸರಾಸರಿಯಲ್ಲಿ ಕಳೆದುಹೋಗುತ್ತದೆ.

ಈ ಕೊನೆಯ ಗುಣ ಎಣಿಸುವ ವಿಧಾನಕ್ಕೆ ಮಾತ್ರ ಸೇರಿದ್ದಲ್ಲ ಎಂದು ಇಲ್ಲಿಯೇ ತಿಳಿಸಬೇಕು. ಇಳಿಜಾರು ಎರಡಿರುವ ಎಡಿಸಿ ಕೂಡ ಹೀಗೆಯೇ ಸರಾಸರಿ ತೆಗೆಯುತ್ತದೆ. ಜೊತೆಗೆ ಅದರ ರೋಧ ಮತ್ತು ಧಾರಕದ ಬೆಲೆಗಳು ಏರುವಾಗಲೂ ಇಳಿಯುವಾಗಲೂ ಒಂದೇ ಆಗಿರುವುದರಿಂದ ಫಲಿತಾಂಶದಿಂದ ರದ್ದಾಗುತ್ತವೆ. ಎಲ್‌ಎಂ331ರಲ್ಲಿ ಅವು ರದ್ದಾಗುವುದಿಲ್ಲ. ಬಿಸಿಲಿಗೆ ಧಾರಕದ ಬೆಲೆ ಬದಲಾದರೆ ಸೇರಿನ ಗಾತ್ರವೇ ಬದಲಾದಂತೆ.

ಮೌಲ್ಯಮಾಪನ

"ಸೇರು ಚಿಕ್ಕದಾದರೆ ಏನಾಗುತ್ತದೆ?" ಎಣಿಕೆ ಹೆಚ್ಚುತ್ತದೆ, ಎಂದರು. "ಹೆಚ್ಚು ಹೊತ್ತು ಎಣಿಸಿದರೆ ಸರಿಹೋಗುತ್ತದೆಯೇ?" ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಒಬ್ಬಳು, "ಇಲ್ಲ ಸರ್, ತಪ್ಪೇ ಇನ್ನಷ್ಟು ನುಣುಪಾಗಿ ಕಾಣುತ್ತದೆ" ಎಂದಳು. ಆಗ ಎಡಿಸಿಗೂ ಅದೇ ಪ್ರಶ್ನೆ ಕೊಟ್ಟೆ: 16 ಬಿಟ್ ಎಡಿಸಿಯ ಆಧಾರ ವೋಲ್ಟೇಜ್ ಶೇ. 0.1ರಷ್ಟು ತಪ್ಪಿದ್ದರೆ? 10 ವೋಲ್ಟ್ ಬಳಿ ದೋಷ 10 ಮಿಲಿವೋಲ್ಟ್, ಅಂದರೆ ಸುಮಾರು 65 ಮೆಟ್ಟಿಲು. ತಕ್ಕಡಿಯ ಬೊಟ್ಟೇ ತಪ್ಪಾಗಿದ್ದ ಹಾಗೆ.

ಪ್ರಶಿಕ್ಷಣಾರ್ಥಿಗಳಿಗೆ

ಪೃಥಕ್ಕರಣ ಮತ್ತು ನಿಖರತೆ ಎಂಬ ಪದಗಳನ್ನು ಈ ಹಂತದವರೆಗೂ ಹೇಳದಿರಿ. ಭೇದ ಅರಿವಿಗೆ ಬಂದ ಮೇಲೆ ಹೆಸರು ಕೊಟ್ಟರೆ ಸಾಕು. ಆಯ್ಕೆಗೆ ಮುನ್ನ ಮಕ್ಕಳು ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ಹೊತ್ತು ಕಾಯಬಹುದು? ಸಂಕೇತ ಎಷ್ಟು ದೂರದಿಂದ ಬರಬೇಕು? ನಮ್ಮ ಸೇರನ್ನು, ಬೊಟ್ಟನ್ನು ಯಾವುದಕ್ಕೆ ಹೋಲಿಸಿ ಪರೀಕ್ಷಿಸಿದ್ದೇವೆ?