ಬೀಗ ಬಿದ್ದ ಫೋಲ್ಡರ್‌ಗೆ ಖಾತೆ ಬದಲಾವಣೆ

ಈ ಸಲ ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದ ಕಲಿತ ಪಾಠವನ್ನು ಬರೆದಿದ್ದೇನೆ.

ನಮ್ಮಜ್ಜಿ ರಾಗಿ ಬೀಸೋ ಪದ, ಸೋಬಾನೆ ಪದ ತುಂಬಾ ಚೆನ್ನಾಗಿ ಹೇಳ್ತಿದ್ರು. ಸೋದರಮಾವ ಅದನ್ನೆಲ್ಲ ರೆಕಾರ್ಡ್ ಮಾಡಿ ಹಳೇ ಕಂಪ್ಯೂಟರ್‌ನಲ್ಲಿ ಇಟ್ಟಿದ್ದರು. ಅಜ್ಜಿ ತೀರಿಕೊಂಡರು. ಆಮೇಲೆ ಒಂದು ಮಳೆಗಾಲದಲ್ಲಿ ಸಿಡಿಲು ಹೊಡೆದು ಕಂಪ್ಯೂಟರೂ ಕೆಟ್ಟಿತು. ಹಾರ್ಡ್ ಡಿಸ್ಕ್ ಮಾತ್ರ ಉಳಿಯಿತು. ಮಾವ ಅದನ್ನು ಪುಟ್ಟ ಡಬ್ಬಿಯೊಂದಕ್ಕೆ ಹಾಕಿಸಿ, ಯುಎಸ್‌ಬಿ ವೈರಿನಿಂದ ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದರು. ಫೋಲ್ಡರ್ ಕಾಣಿಸಿತು. ಒತ್ತಿದರೆ, ತೆರೆಯಲು ನಿಮಗೆ ಅನುಮತಿ ಇಲ್ಲ ಅಂತ ಇಂಗ್ಲಿಷಿನಲ್ಲಿ ಬಂತು. ‘ಕಂಟಿನ್ಯೂ’ ಒತ್ತಿದರೂ ಆಗಲಿಲ್ಲ. ಅಂಗಡಿಯಲ್ಲಿ ಕೇಳಿದರೆ “ಫಾರ್ಮ್ಯಾಟ್ ಮಾಡಿಬಿಡಿ, ಸರಿಹೋಗುತ್ತೆ” ಅಂದರು. ಅಮ್ಮ ಅಳೋಕೆ ಶುರು ಮಾಡಿದರು.

ಮರುದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ, “ಸಾರ್, ಹಾಡು ಅಳಿಸಿಹೋಗಿದ್ಯಾ?”

“ಇಲ್ಲ ಕಣಮ್ಮ, ಹಾಡು ಅಲ್ಲೇ ಇದೆ. ಫಾರ್ಮ್ಯಾಟ್ ಮಾಡಿದ್ರೆ ಹೋಗುತ್ತೆ. ಹೊಲ ಎಲ್ಲೂ ಹೋಗಿಲ್ಲ, ಪಹಣಿಯಲ್ಲಿ ಹೆಸರು ಬೇರೆಯವರದ್ದಿದೆ, ಅಷ್ಟೇ” ಅಂದರು.

ಹೀಗೇಕೆ ಆಗುತ್ತದೆ?

ವಿಂಡೋಸ್ ಕಂಪ್ಯೂಟರ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಕ್ಕೆ ಎನ್‌ಟಿಎಫ್‌ಎಸ್ ಎಂದು ಹೆಸರು. ಇದು 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು. ಇದರಲ್ಲಿ ಪ್ರತಿ ಫೋಲ್ಡರಿಗೂ ಒಬ್ಬ ಮಾಲೀಕ ಇರುತ್ತಾನೆ. ಯಾರು ತೆರೆಯಬಹುದು ಎಂಬ ಪಟ್ಟಿಯೂ ಇರುತ್ತದೆ. ಆದರೆ ಅಲ್ಲಿ ಬರೆದಿರುವುದು ಹೆಸರಲ್ಲ, ‘ಎಸ್-1-5-21’ ಎಂದು ಶುರುವಾಗುವ ಉದ್ದನೆಯ ಸಂಖ್ಯೆ. ಹೊಸ ಕಂಪ್ಯೂಟರಿನಲ್ಲಿ ಅದೇ ಹೆಸರು ಇಟ್ಟುಕೊಂಡರೂ ಸಂಖ್ಯೆ ಬೇರೆಯಾಗುತ್ತದೆ. ಅದಕ್ಕೇ ಮಾವನ ಡಿಸ್ಕ್ ಮಾವನನ್ನೇ ಗುರುತು ಹಿಡಿಯಲಿಲ್ಲ! ಸಾಮಾನ್ಯ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್32 ಕ್ರಮದಲ್ಲಿ ಇಂಥ ಪಟ್ಟಿಯೇ ಇಲ್ಲ. ಆದ್ದರಿಂದ ಅಲ್ಲಿ ಈ ತೊಂದರೆ ಬರುವುದಿಲ್ಲ.

ಖಾತೆ ಬದಲಾಯಿಸುವ ಕ್ರಮ

1. ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಖಾತೆಯಿಂದಲೇ ಒಳಗೆ ಹೋಗಬೇಕು.

2. ಬೀಗ ಬಿದ್ದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’, ‘ಸೆಕ್ಯುರಿಟಿ’, ‘ಅಡ್ವಾನ್ಸ್ಡ್’ ಹೀಗೆ ಒಂದಾದ ಮೇಲೊಂದು ಆರಿಸಬೇಕು.

3. ಮೇಲ್ಗಡೆ ‘ಓನರ್’ ಎಂದಿರುತ್ತದೆ. ಪಕ್ಕದ ‘ಚೇಂಜ್’ ಒತ್ತಿ, ನಿಮ್ಮ ಬಳಕೆದಾರ ಹೆಸರು ಬರೆದು, ‘ಚೆಕ್ ನೇಮ್ಸ್’ ಒತ್ತಿ ಓಕೆ ಮಾಡಿ.

4. ಕೆಳಗೆ ‘ರಿಪ್ಲೇಸ್ ಓನರ್’ ಎಂದು ಶುರುವಾಗುವ ಸಾಲಿನ ಚೌಕಕ್ಕೆ ಗುರುತು ಹಾಕಿ. ಆಗ ಒಳಗಿನ ಫೋಲ್ಡರುಗಳಿಗೂ ಖಾತೆ ಬದಲಾಗುತ್ತದೆ. ‘ಅಪ್ಲೈ’ ಒತ್ತಿ. ಫೈಲ್ ಜಾಸ್ತಿ ಇದ್ದರೆ ತಡವಾಗುತ್ತೆ, ನಡುವೆ ವೈರ್ ಕೀಳಬೇಡಿ.

5. ಎಲ್ಲ ಕಿಟಕಿ ಮುಚ್ಚಿ, ಮತ್ತೆ ‘ಸೆಕ್ಯುರಿಟಿ’ಗೆ ಬಂದು, ‘ಎಡಿಟ್’, ‘ಆಡ್’ ಒತ್ತಿ ನಿಮ್ಮ ಹೆಸರು ಸೇರಿಸಿ. ಬರೀ ಕಾಪಿ ಮಾಡಿಕೊಳ್ಳೋಕೆ ‘ರೀಡ್’ ಅನುಮತಿ ಸಾಕು.

ಎಚ್ಚರಿಕೆ

ಮಾಲೀಕನಾಗುವುದು ಬೇರೆ, ಅನುಮತಿ ಪಡೆಯುವುದು ಬೇರೆ. ನಾವು 4ನೇ ಹೆಜ್ಜೆಗೇ ನಿಲ್ಲಿಸಿ, ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ವಿ. ಇದನ್ನು ಬೇಕಾದ ಒಂದು ಫೋಲ್ಡರಿಗೆ ಮಾತ್ರ ಮಾಡಿ. ಕಂಪ್ಯೂಟರ್ ನಡೆಸುವ ‘ವಿಂಡೋಸ್’ ಫೋಲ್ಡರಿಗೆ ಮಾಡಿದರೆ ಇರೋದೂ ಕೆಡಬಹುದು. ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿದರೆ ಅದು ಬೀಗದ ತೊಂದರೆಯಲ್ಲ, ಯಂತ್ರದ್ದೇ ತೊಂದರೆ. ತಕ್ಷಣ ನಿಲ್ಲಿಸಿ, ತಿಳಿದವರಿಗೆ ತೋರಿಸಿ.

ಇನ್ನೊಂದು ಮಾತು. ಬಿಟ್‌ಲಾಕರ್‌ನಿಂದ ಭದ್ರ ಮಾಡಿದ ಡಿಸ್ಕಿಗೆ ಈ ಉಪಾಯ ನಡೆಯೋದಿಲ್ಲ. ಅಲ್ಲಿ ಅಕ್ಷರಗಳನ್ನೇ ಗುಪ್ತಲಿಪಿಗೆ ತಿರುಗಿಸಿರುತ್ತಾರೆ. ಪಾಸ್‌ವರ್ಡ್ ಇಲ್ಲವೇ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಅದನ್ನು ಮೊದಲೇ ಕಾಗದದಲ್ಲಿ ಬರೆದಿಡುವುದು ಜಾಣತನ.

ಬೇರೆಯವರ ಡಿಸ್ಕನ್ನು ಅವರನ್ನು ಕೇಳದೆ ತೆರೆಯುವುದು ತಪ್ಪು. ಪಕ್ಕದವರ ಹೊಲಕ್ಕೆ ಖಾತೆ ಮಾಡಿಸಿಕೊಂಡ ಹಾಗೆ ಆಗುತ್ತದೆ.

ಆ ರಾತ್ರಿ ಫೋಲ್ಡರ್ ತೆರೆಯಿತು. ಮೊದಲು ಅಜ್ಜಿ ಕೆಮ್ಮಿದ್ದು ಕೇಳಿಸಿತು, ಆಮೇಲೆ ಪದ ಶುರುವಾಯ್ತು. ಯಾರೂ ಮಾತಾಡಲಿಲ್ಲ. ಅಮ್ಮ ಮಾತ್ರ ಸಣ್ಣಗೆ ಜೊತೆಗೆ ಹೇಳಿಕೊಂಡರು. ಈಗ ಆ ಹಾಡುಗಳನ್ನು ಮೂರು ಕಡೆ ಕಾಪಿ ಮಾಡಿಟ್ಟಿದ್ದೇವೆ.

ತಾಳಿದವನು ಬಾಳಿಯಾನು ಎಂಬುದು ಗಾದೆ. ಬೀಗ ಬಿದ್ದ ಮನೆ ಅಂದರೆ ಖಾಲಿ ಮನೆ ಅಂತಲ್ಲ. ಕೀಲಿ ಹುಡುಕೋಕೆ ಮುಂಚೆ ಮನೆ ಕೆಡವಬೇಡಿ. ತಪ್ಪಿದ್ದರೆ ಗುರುಗಳು ತಿದ್ದಬೇಕು.

— 9ನೇ ತರಗತಿಯ ವಿದ್ಯಾರ್ಥಿನಿ