ಪಾಠಕ್ಕೆ ಮುನ್ನಿನ ಪಾಠ

ಬಂಟ್ವಾಳದಲ್ಲಿ 1874ರಲ್ಲಿ ಜನಿಸಿ, ಅಧ್ಯಾಪಕರಾಗಿಯೂ ಶಾಲೆಗಳ ತನಿಖಾಧಿಕಾರಿಯಾಗಿಯೂ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿಯೂ ದುಡಿದ ಪಂಜೆ ಮಂಗೇಶರಾಯರು ಎಳೆಯರಿಗಾಗಿ ಬರೆಯಲು ಕುಳಿತಾಗ, ಮಗುವಿನ ನಾಲಗೆ ಯಾವ ಮಾತನ್ನು ಸಲೀಸಾಗಿ ಹೊರಳಿಸಬಲ್ಲುದು, ಅದರ ಕಿವಿ ಯಾವ ಲಯಕ್ಕೆ ಒಲಿಯುವುದು ಎಂಬುದನ್ನು ಮೊದಲು ಕಂಡುಕೊಂಡು, ಆಮೇಲೆ ಲೇಖನಿಯನ್ನು ಎತ್ತಿಕೊಂಡಿರಬೇಕೆಂದು ಅವರ ಶಿಶುಗೀತೆಗಳನ್ನು ಹಾಡಿ ಬೆಳೆದ ನಮ್ಮ ಸೀಮೆಯವರಿಗೆ ಅನ್ನಿಸದಿರದು. ಮೊದಲು ಮಗು, ಅನಂತರ ಪಾಠ ಎಂಬ ಈ ಕ್ರಮವು ಹೇಳುವುದಕ್ಕೆ ಎಷ್ಟು ಸುಲಭವೋ ಆಚರಣೆಗೆ ಅಷ್ಟೇ ದುಸ್ಸಾಧ್ಯವಾದುದು. ಪ್ರೌಢಶಾಲಾ ಶಿಕ್ಷಕಿಯಾಗುವ ತರಬೇತಿಯನ್ನು ಮೂಡುಬಿದಿರೆಯಲ್ಲಿ ಮುಗಿಸಿ, ಅದರ ಬೆನ್ನಿಗೇ ವಿಶೇಷ ಶಿಕ್ಷಣದ ತರಬೇತಿಗೂ ಸೇರಿ, ಬಂಟ್ವಾಳ ಬೆಳ್ತಂಗಡಿ ತಾಲೂಕುಗಳ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಅಭ್ಯಾಸ ಮಾಡಿದ ನನಗೆ ಅದು ನಿಜವಾಗಿ ಮನವರಿಕೆಯಾದದ್ದು ಎರಡನೆಯ ತರಬೇತಿಯಲ್ಲಿ. ಆದರೆ ಅದರ ಪ್ರಯೋಜನ ಹೆಚ್ಚಾಗಿ ಕಂಡದ್ದು ಮೊದಲನೆಯದರ ಕ್ಷೇತ್ರದಲ್ಲಿ.

ಬಿ.ಎಡ್. ವ್ಯಾಸಂಗವನ್ನು ಹಗುರಾಗಿ ಕಾಣುವವರ ಗುಂಪಿಗೆ ನಾನು ಸೇರಿದವಳಲ್ಲ. ಸೂಕ್ಷ್ಮಬೋಧನೆಯೆಂಬ ಅಭ್ಯಾಸವೊಂದನ್ನು ನೋಡಿದರೂ ಅದರ ಬೆಲೆ ತಿಳಿದೀತು. ಸಹಪಾಠಿಗಳೇ ವಿದ್ಯಾರ್ಥಿಗಳಾಗಿ ಎದುರಿಗೆ ಕುಳಿತಿರಲು, ಪ್ರಶ್ನೆ ಕೇಳುವ ಕೌಶಲವನ್ನೋ ಕಪ್ಪುಹಲಗೆಯನ್ನು ಬಳಸುವ ಕೌಶಲವನ್ನೋ ಅದೊಂದನ್ನೇ ಬೇರ್ಪಡಿಸಿಕೊಂಡು, ಐದಾರು ನಿಮಿಷಗಳಲ್ಲಿ ನಡೆಸಿ ತೋರಿಸಿ, ಮಾರ್ಗದರ್ಶಕರ ಟಿಪ್ಪಣಿಯ ಬೆಳಕಿನಲ್ಲಿ ಅದನ್ನೇ ಮತ್ತೊಮ್ಮೆ ನಡೆಸುವ ಈ ವಿಧಾನವು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ಲೋಕದಲ್ಲೆಲ್ಲ ಹರಡಿದ್ದು ಅಕಾರಣವಾಗಿ ಅಲ್ಲ. ದನಿ ನಡುಗುವವರ ನಡುಕ ಅಲ್ಲಿ ನಿಲ್ಲುತ್ತದೆ. ಹಲಗೆಗೆ ಮುಖಮಾಡಿ ಮಾತಾಡುವವರು ತರಗತಿಯತ್ತ ತಿರುಗಲು ಕಲಿಯುತ್ತಾರೆ. ಹರ್ಬಾರ್ಟನ ಅನುಯಾಯಿಗಳು ರೂಪಿಸಿದ ಪಾಠದ ಪಂಚಸೋಪಾನಗಳೂ ಹಾಗೆಯೇ ಉಪಕಾರಿಗಳು. ಆದರೆ ಪಾಠಯೋಜನೆಯ ಪುಸ್ತಕದಲ್ಲಿ ಅಧ್ಯಾಪಕರ ಚಟುವಟಿಕೆಗೆ ಒಂದು ಅಂಕಣವೂ ವಿದ್ಯಾರ್ಥಿಗಳ ಚಟುವಟಿಕೆಗೆ ಇನ್ನೊಂದು ಅಂಕಣವೂ ಇದ್ದು, ಆ ಎರಡನೆಯ ಅಂಕಣವನ್ನು, ಇನ್ನೂ ಮುಖವನ್ನೇ ಕಾಣದ ಮಕ್ಕಳ ಪರವಾಗಿ, ಹಿಂದಿನ ರಾತ್ರಿ ನಾವೇ ತುಂಬಿಡಬೇಕಾಗಿತ್ತು. ಮಕ್ಕಳು ಇಂತಹ ಉತ್ತರವನ್ನು ಕೊಡುವರೆಂದು ಬರೆದಾದ ಮೇಲೆ, ಮರುದಿನ ಅಂತಹ ಉತ್ತರವನ್ನು ಕೊಡಬಲ್ಲ ನಾಲ್ಕೈದು ಮಕ್ಕಳತ್ತಲೇ ಕಣ್ಣು ಹರಿಯುವುದು ಸಹಜ. ಯೋಜನೆಯ ಆರಂಭಬಿಂದು ಪಠ್ಯಪುಸ್ತಕದಲ್ಲಿತ್ತು.

ವಿಶೇಷ ಶಿಕ್ಷಣದಲ್ಲಿ ಆ ಬಿಂದುವೇ ಸ್ಥಾನಾಂತರ ಹೊಂದುತ್ತದೆ. ಅಲ್ಲಿ ಮೊದಲು ಕೈಗೆ ಬರುವುದು ಪಠ್ಯಪುಸ್ತಕವಲ್ಲ, ತಪಶೀಲುಪಟ್ಟಿ. ಮದ್ರಾಸಿನಲ್ಲಿ ರೂಪುಗೊಂಡು ಆ ನಗರದ ಹೆಸರನ್ನೇ ಹೊತ್ತಿರುವ ಪ್ರಸಿದ್ಧ ಮಾಪನಪದ್ಧತಿಯೊಂದರಲ್ಲಿ, ಉಣ್ಣುವುದು, ಉಡುವುದು, ಮಾತು, ಎಣಿಕೆ, ಕಾಲಪ್ರಜ್ಞೆ ಮುಂತಾಗಿ 18 ಕ್ಷೇತ್ರಗಳೂ, ಒಂದೊಂದು ಕ್ಷೇತ್ರದಲ್ಲಿ ಸುಲಭದಿಂದ ಕಠಿನದತ್ತ ಏರುವ 20 ನಡವಳಿಕೆಗಳೂ, ಒಟ್ಟು 360 ಅಂಶಗಳಿದ್ದು, ಪ್ರತಿಯೊಂದಕ್ಕೂ ಮಗು ಅದನ್ನು ಮಾಡುತ್ತದೆಯೇ ಇಲ್ಲವೇ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಗುರುತು ಹಾಕಬೇಕು. ಬೌದ್ಧಿಕ ನ್ಯೂನತೆಗೆ ಸಂಬಂಧಿಸಿದ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದ ಪಟ್ಟಿಯಲ್ಲಿ ಸಹಾಯದ ಪ್ರಮಾಣಕ್ಕೂ ಗುರುತುಗಳಿವೆ: ಮಗು ತಾನಾಗಿ ಮಾಡಿತೋ, ಬಾಯಿಮಾತಿನ ಸೂಚನೆಯಿಂದ ಮಾಡಿತೋ, ಕೈಹಿಡಿದು ಮಾಡಿಸಬೇಕಾಯಿತೋ? ‘ಅರ್ಥಮಾಡಿಕೊಳ್ಳುತ್ತಾನೆ’, ‘ತಿಳಿಯುತ್ತಾಳೆ’ ಎಂಬ ಕ್ರಿಯಾಪದಗಳನ್ನು ನಮ್ಮ ಮಾರ್ಗದರ್ಶಕರು ಕೆಂಪು ಮಸಿಯಿಂದ ಹೊಡೆದುಹಾಕುತ್ತಿದ್ದರು. ಒಬ್ಬರು ಬರೆದ ವಾಕ್ಯವನ್ನು ಇನ್ನೊಬ್ಬರು ಓದಿ ಅದೇ ಮಗುವಿನಲ್ಲಿ ಅದೇ ಕ್ರಿಯೆಯನ್ನು ಕಾಣುವಂತಿರಬೇಕೆಂಬುದು ಅವರ ಕಟ್ಟಪ್ಪಣೆ. ಹೀಗೆ ಬರೆಯತೊಡಗಿದ ಮೇಲೆ ನಮ್ಮ ಜಿಲ್ಲೆಯ ಭಾಷಾವೈವಿಧ್ಯವೂ ಶೈಕ್ಷಣಿಕ ವಿಚಾರವಾಗಿ ಎದುರಿಗೆ ನಿಂತಿತು. ಮನೆಯಲ್ಲಿ ತುಳುವನ್ನಷ್ಟೇ ಕೇಳಿ ಬೆಳೆದ ಮಗುವನ್ನು ಪಟ್ಟಿಯ ಗ್ರಾಂಥಿಕ ಕನ್ನಡದಲ್ಲಿ ಪ್ರಶ್ನಿಸಿ, ಅಥವಾ ಪಾಣೆಮಂಗಳೂರಿನ ಬ್ಯಾರಿಭಾಷೆಯ ಮನೆಯ ಮಗುವನ್ನು ತುಳುವಿನಲ್ಲಿ ಪ್ರಶ್ನಿಸಿ, ‘ಉತ್ತರಿಸುವುದಿಲ್ಲ’ ಎಂದು ಗುರುತು ಹಾಕಿದರೆ, ಆ ಗುರುತು ಮುಂದಿನ ವರ್ಷಗಳ ಶಿಕ್ಷಣವನ್ನೆಲ್ಲ ಹಾದಿತಪ್ಪಿಸುತ್ತದೆ. ಆದಕಾರಣ ತಾಯಿಯನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಬಾಯಿಂದಲೇ ಪ್ರಶ್ನೆಯನ್ನು ಹೊರಡಿಸುವುದು ಕ್ರಮೇಣ ನಮ್ಮ ಪದ್ಧತಿಯಾಯಿತು.

ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮತ್ತು ಅದರ ಆಸುಪಾಸಿನ ಗ್ರಾಮಗಳ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ದುಃಖದ ಕಾರಣದಿಂದ. ಅಲ್ಲಿಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಆಕಾಶಮಾರ್ಗದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆದದ್ದು 2011ರ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಪೀಡಿತರೆಂದು ಗುರುತಿಸಲ್ಪಟ್ಟವರಲ್ಲಿ ಶಾಲೆಯ ಮೆಟ್ಟಲನ್ನೇ ತುಳಿಯಲಾರದ ಮಕ್ಕಳು ಅನೇಕರಿದ್ದರು. ಅಂತಹ ಊರುಗಳಲ್ಲಿ ಗೃಹಾಧಾರಿತ ಶಿಕ್ಷಣವೆಂಬುದು ಯೋಜನೆಯ ಕಡತದಲ್ಲಿರುವ ಶಬ್ದವಾಗಿ ಉಳಿಯುವುದಿಲ್ಲ. ಕಾಲುಸಂಕವನ್ನು ದಾಟಿ, ಅಡಕೆತೋಟದ ಅಂಚನ್ನು ಹಿಡಿದು ನಡೆದು, ತಾಯಿ ಬೀಡಿ ಕಟ್ಟುವ ಸೂಪನ್ನು, ಅಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಕೂತಿರುವ ಜಗಲಿಯನ್ನು ಮುಟ್ಟಿದಾಗ ಅಲ್ಲಿಯೇ ತರಗತಿ ಆರಂಭವಾಗುತ್ತದೆ.

ಆ ತಾಲೂಕಿನ ಒಂದು ಮನೆಯಲ್ಲಿ, ಬೌದ್ಧಿಕ ನ್ಯೂನತೆಯುಳ್ಳ ಹನ್ನೊಂದರ ಪ್ರಾಯದ ಬಾಲಕನೊಬ್ಬನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಸುವ ಕಾರ್ಯ ನನ್ನ ಪಾಲಿಗೆ ಬಂದಿತ್ತು. ಗುಂಡಿ ಹಾಕುವುದನ್ನು ನಾವೆಲ್ಲ ಒಂದೇ ಕ್ರಿಯೆಯೆಂದು ಬಗೆದಿರುತ್ತೇವೆ. ಕಾಗದದ ಮೇಲೆ ಬಿಡಿಸಿ ಬರೆಯಹೊರಟಾಗ, ಅಂಗಿಯ ಎರಡು ಅಂಚುಗಳನ್ನು ಸರಿಹೊಂದಿಸುವುದು, ಗುಂಡಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುವುದು, ಇನ್ನೊಂದು ಕೈಯಿಂದ ಕಾಜವನ್ನು ಅಗಲಿಸುವುದು, ಗುಂಡಿಯನ್ನು ಓರೆಯಾಗಿಸಿ ತೂರಿಸುವುದು, ಕೈಬದಲಿಸಿ ಆಚೆಯಿಂದ ಹಿಡಿಯುವುದು, ಎಳೆಯುವುದು ಎಂಬುದಾಗಿ ಅದು ಹಲವು ಕ್ರಿಯೆಗಳ ಸರಪಳಿಯಾಗಿ ತೋರಿತು. ಕಲಿಸುವುದು ಕೊನೆಯ ಕೊಂಡಿಯಿಂದ. ನಾನು ಎದುರಿಗೆ ಕೂರದೆ, ನನ್ನ ಕೈಯ ಎಡಬಲವೂ ಅವನ ಕೈಯ ಎಡಬಲವೂ ಒಂದೇ ಆಗಲೆಂದು ಅವನ ಬೆನ್ನ ಹಿಂದೆ ಕುಳಿತು, ಎಲ್ಲವನ್ನೂ ಮಾಡಿ, ಅರ್ಧ ತೂರಿ ನಿಂತ ಗುಂಡಿಯನ್ನು ಎಳೆಯುವುದೊಂದನ್ನು ಮಾತ್ರ ಅವನಿಗೆ ಬಿಡುತ್ತಿದ್ದೆ. ಅವನು ಎಳೆದೊಡನೆ ಗುಂಡಿ ಕಾಜದಲ್ಲಿ ಕೂತಿತು. ಅಂದರೆ, ಮೊದಲನೆಯ ದಿನವೇ ಕೆಲಸವನ್ನು ಮುಗಿಸಿದವನು ಅವನು. ಅದು ಕೈಗೂಡಿದ ಮೇಲೆ ಕೊನೆಯಿಂದ ಎರಡನೆಯ ಕೊಂಡಿ, ಮತ್ತೆ ಮೂರನೆಯದು. ಅವನ ತಾಯಿ, ನಾನು ಕೇಳುವ ಮೊದಲೇ, ಚಿಕ್ಕ ಗುಂಡಿಗಳನ್ನು ಕಿತ್ತು ದೊಡ್ಡವನ್ನು ಹೊಲಿದು ಕಾಜಗಳನ್ನು ತುಸು ಹಿಗ್ಗಿಸಿದ್ದಳು. ತರಬೇತಿಯ ಪುಸ್ತಕದಲ್ಲಿ ಉಪಕರಣದ ಅನುಕೂಲನವೆಂದು ದೀರ್ಘವಾಗಿ ವರ್ಣಿತವಾದುದನ್ನು ಆಕೆ ಸೂಜಿಯೊಂದರಿಂದ ಸಾಧಿಸಿದ್ದಳು. ಮಳೆಗಾಲದಲ್ಲಿ ಹಳ್ಳ ತುಂಬಿ ನಾನು ಹೋಗಲಾಗದಿದ್ದಾಗಲೂ ಅಭ್ಯಾಸ ನಿಲ್ಲದಿದ್ದುದಕ್ಕೆ ಆಕೆಯೇ ಕಾರಣ. ಓರೆಯಾಗಿ ತೂರಿಸುವ ಕೊಂಡಿಯಲ್ಲಿ ಬಹುಕಾಲ ತಡೆಯಿತು. ಅವನ ಬಲಗೈಯ ಹೆಬ್ಬೆರಳಿಗೆ ಶಕ್ತಿ ಸಾಲದೆಂಬುದನ್ನು ಕಂಡುಕೊಂಡು, ಒಗೆದ ಬಟ್ಟೆಗೆ ಚಿಮುಟ ಸಿಕ್ಕಿಸುವ ಕೆಲಸವನ್ನು ಅವನಿಗೆ ನಿತ್ಯವೂ ಕೊಡಿಸಿದ ಮೇಲೆ ಅದೂ ಸಡಿಲಿತು.

ಇಂತಹ ಕ್ರಮಗಳು ದೌರ್ಬಲ್ಯವುಳ್ಳವರಿಗಷ್ಟೇ ಮೀಸಲಾದವುಗಳೆಂಬ ಭಾವನೆ ಶಿಕ್ಷಕವರ್ಗದಲ್ಲಿಯೂ ಬೇರೂರಿದೆ. ಶಿಕ್ಷಣದ ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಫ್ರಾನ್ಸಿನ ಅವೆರಾನಿನ ಕಾಡಿನಲ್ಲಿ ಸಿಕ್ಕ ಮಾತಿಲ್ಲದ ಬಾಲಕನೊಬ್ಬನಿಗೆ ಇತಾರ್ ಎಂಬ ತರುಣ ವೈದ್ಯನು ಪ್ಯಾರಿಸಿನಲ್ಲಿ ವರ್ಷಗಳ ಕಾಲ ಪಾಠ ಹೇಳಿ ತನ್ನ ಅನುಭವವನ್ನು ಬರೆದಿಟ್ಟನು. ಅವನ ಜಾಡನ್ನು ಹಿಡಿದ ಸೆಗ್ಯಾಂ ಬೌದ್ಧಿಕ ನ್ಯೂನತೆಯ ಮಕ್ಕಳಿಗಾಗಿ ಇಂದ್ರಿಯಶಿಕ್ಷಣದ ಸಲಕರಣೆಗಳನ್ನು ನಿರ್ಮಿಸಿದನು. ಆ ಇಬ್ಬರ ಗ್ರಂಥಗಳನ್ನು ವ್ಯಾಸಂಗ ಮಾಡಿ, ರೋಮಿನಲ್ಲಿ ಅಂತಹ ಮಕ್ಕಳೊಡನೆಯೇ ಪ್ರಯೋಗ ನಡೆಸಿದ ಮರಿಯಾ ಮಾಂಟೆಸರಿ 1907ರಲ್ಲಿ ಸಾಮಾನ್ಯ ಮಕ್ಕಳಿಗಾಗಿ ಶಿಶುವಿಹಾರವನ್ನು ತೆರೆದಾಗ, ಆ ಸಲಕರಣೆಗಳೂ ಆ ದೃಷ್ಟಿಯೂ ಅಲ್ಲಿಗೆ ಪ್ರವೇಶಿಸಿದುವು. 1939ರಲ್ಲಿ ಆಕೆ ಮದ್ರಾಸಿನ ಅಡ್ಯಾರಿಗೆ ಬಂದು ಅಧ್ಯಾಪಕರಿಗೆ ತರಬೇತಿ ಕೊಡತೊಡಗಿದಳು. ಮಾಂಟೆಸರಿಯೆಂಬ ಹೆಸರನ್ನು ಫಲಕದಲ್ಲಿ ಬರೆಸಿರುವ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ತಂದೆತಾಯಿಗಳು ಈ ವಂಶಾವಳಿಯನ್ನು ಅರಿತರೆ ಒಳ್ಳೆಯದು.

ಬಂಟ್ವಾಳದ ಕಡೆಯ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಬೀಜಗಣಿತ ಹೇಳುವಾಗ ನಾನು ಗುಂಡಿಯ ಪಾಠವನ್ನೇ ಅನುಸರಿಸಿದೆ. ಸರಳ ಸಮೀಕರಣವೊಂದನ್ನು ಹಲಗೆಯ ಮೇಲೆ ಕೊನೆಯ ಹಂತದವರೆಗೂ ಬಿಡಿಸಿ, ಮೂರು ಎಕ್ಸ್ ಸಮ ಹನ್ನೆರಡು ಎಂಬಲ್ಲಿಗೆ ತಂದು ನಿಲ್ಲಿಸಿ, ಅಷ್ಟನ್ನು ಮಾತ್ರ ಮಕ್ಕಳಿಗೆ ಬಿಟ್ಟೆ. ಗಣಿತದ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುತ್ತಿದ್ದ ಹುಡುಗಿಯೊಬ್ಬಳು ನಾಲ್ಕು ಎಂದು ಬರೆದಳು. ಮುಂದಿನ ಲೆಕ್ಕದಲ್ಲಿ ಕೊನೆಯ ಎರಡು ಹಂತಗಳನ್ನೂ, ಕೆಲವು ದಿನ ಕಳೆದು ಸಂಖ್ಯೆಯನ್ನು ಪಕ್ಷಾಂತರಿಸುವ ಮೊದಲ ಹಂತವನ್ನೂ ಬರೆದಳು. ಆಕೆಗೆ ಯಾವ ನ್ಯೂನತೆಯ ಪ್ರಮಾಣಪತ್ರವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪ್ರತಿಸಲವೂ ಮೊದಲ ಹಂತದಲ್ಲಿಯೇ ಮುಗ್ಗರಿಸಿ, ಉತ್ತರವೆಂಬುದರ ಮುಖವನ್ನು ಕಾಣದೆ ವರ್ಷಗಳನ್ನು ಕಳೆದ ಮಕ್ಕಳು ನಮ್ಮ ಪ್ರೌಢಶಾಲೆಗಳಲ್ಲಿ ಎಷ್ಟು ಮಂದಿ ಇರುವರೆಂಬುದನ್ನು ನೆನೆದಾಗ ನನ್ನ ಮನಸ್ಸಿಗೆ ಈಗಲೂ ನೋವಾಗುತ್ತದೆ.

ಕಾನೂನು ನಮ್ಮ ಅಭ್ಯಾಸಕ್ಕಿಂತ ಮುಂದಿದೆ. ನ್ಯೂನತೆಯುಳ್ಳವರಿಗಾಗಿ ಬಂದ 1995ರ ಅಧಿನಿಯಮದಲ್ಲಿ ಏಳೇ ನ್ಯೂನತೆಗಳಿಗೆ ಮನ್ನಣೆಯಿತ್ತು. 2016ರ ಅಧಿನಿಯಮವು ಅದನ್ನು 21ಕ್ಕೆ ಏರಿಸಿ, ಓದುಬರಹ ಲೆಕ್ಕಗಳಲ್ಲಿ ಕಾಣುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿಕೊಂಡಿತು. ನಿಗದಿತ ಪ್ರಮಾಣದ ನ್ಯೂನತೆಯುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. ಆದರೆ ವಿಶೇಷ ಶಿಕ್ಷಕರ ತರಬೇತಿಯು 1992ರ ಪುನರ್ವಸತಿ ಪರಿಷತ್ತಿನ ಅಧಿನಿಯಮದ ಕೆಳಗೂ, ಉಳಿದ ಶಿಕ್ಷಕರ ತರಬೇತಿಯು 1993ರ ಶಿಕ್ಷಕ ಶಿಕ್ಷಣ ಪರಿಷತ್ತಿನ ಅಧಿನಿಯಮದ ಕೆಳಗೂ ಬೆಳೆದು ಬಂದದ್ದರಿಂದ, ಒಂದೇ ತಾಲೂಕಿನಲ್ಲಿ ಅಭ್ಯಾಸಕ್ಕೆ ಹೊರಡುವ ಎರಡು ಬಗೆಯ ಪ್ರಶಿಕ್ಷಣಾರ್ಥಿಗಳು ಒಬ್ಬರನ್ನೊಬ್ಬರು ಕಾಣದೆಯೇ ಪದವಿ ಪಡೆದು ಹೋಗುತ್ತಾರೆ. 2015ರಿಂದ ಎರಡು ವರ್ಷದ್ದಾದ ಬಿ.ಎಡ್.ನಲ್ಲಿ ಸಮನ್ವಯ ಶಿಕ್ಷಣಕ್ಕೆ ಒಂದು ಪತ್ರಿಕೆ ದೊರೆತಿದೆ. ಆದರೆ ಪತ್ರಿಕೆಯನ್ನು ಓದಿ ಉತ್ತೀರ್ಣರಾಗುವುದಕ್ಕೂ, ಒಂದು ಮಗುವಿನ ಪಕ್ಕದಲ್ಲಿ ವಾರಗಟ್ಟಲೆ ಕುಳಿತು ಅದು ಏನನ್ನು ಮಾಡಬಲ್ಲುದೆಂದು ಬರೆದಿಡುವುದಕ್ಕೂ ಬಹಳ ಅಂತರವಿದೆ.

ಎರಡು ಏರ್ಪಾಡುಗಳನ್ನು ನಾನು ಮನಃಪೂರ್ವಕವಾಗಿ ಕೋರುತ್ತೇನೆ. ಪ್ರಾಥಮಿಕ ಶಾಲೆಯಿಂದ ಪ್ರೌಢಶಾಲೆಗೆ ಬರುವ ಮಗುವಿನ ಸಂಗಡ ವರ್ಗಾವಣೆ ಪತ್ರ ಬರುವಂತೆ, ಅದರ ಮಾಪನದ ಪುಸ್ತಕವೂ ಬರಬೇಕು. ಇಲ್ಲವಾದರೆ ಹೊಸ ಅಧ್ಯಾಪಕರು ಎಲ್ಲವನ್ನೂ ಮೊದಲಿನಿಂದ ಕಂಡುಕೊಳ್ಳಬೇಕಾಗಿ, ಅಷ್ಟರಲ್ಲಿ ವರ್ಷ ತೀರಿಹೋಗುತ್ತದೆ. ಇನ್ನೊಂದು, ಪ್ರೌಢಶಾಲಾ ಪ್ರಶಿಕ್ಷಣಾರ್ಥಿಗಳ ಇಂಟರ್ನ್‌ಶಿಪ್ಪಿನಲ್ಲಿ ಒಂದು ತಿಂಗಳನ್ನು ವಿಶೇಷ ಶಾಲೆಗೋ ಗೃಹಾಧಾರಿತ ಶಿಕ್ಷಣಕ್ಕೋ ಮೀಸಲಿಡುವುದು. ಅದಕ್ಕೆ ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಮೂಡುಬಿದಿರೆಯಿಂದ ವೇಣೂರು ಗುರುವಾಯನಕೆರೆಗಳ ಮಾರ್ಗವಾಗಿ ಬೆಳ್ತಂಗಡಿಗೆ ಬಸ್ಸುಗಳು ದಿನವಿಡೀ ಓಡುತ್ತವೆ. ಅಲ್ಲಿಂದ ಮುಂದಿನ ಹಳ್ಳಿಗಳ ದಾರಿಯನ್ನು ತೋರಿಸಬಲ್ಲ ಸಂಪನ್ಮೂಲ ಶಿಕ್ಷಕರು ತಾಲೂಕಿನಲ್ಲಿ ಈಗಾಗಲೇ ಇದ್ದಾರೆ, ಮತ್ತು ಜೊತೆಗೆ ಬರುವವರು ಯಾರಾದರೂ ಸಿಕ್ಕರೆ ಅವರಿಗೆ ಸಂತೋಷವೇ.