ಹಾಲಿನ ಪರೀಕ್ಷೆಯಲ್ಲಿ ಚಿನ್ನದ ಸೂಕ್ಷ್ಮಕಣಗಳು

ಆಹಾರದಲ್ಲಿ ಕಲಬೆರಕೆಯೆಂಬುದು ಹೊಸ ಪಿಡುಗೇನಲ್ಲ. ಹಾಲಿಗೆ ನೀರು, ಮೆಣಸಿನಪುಡಿಗೆ ಇಟ್ಟಿಗೆಪುಡಿ, ಕಾಳುಮೆಣಸಿಗೆ ಪರಂಗಿಬೀಜ ಬೆರೆಯುವುದನ್ನು ನಮ್ಮ ಗೃಹಿಣಿಯರು ಬಹುಕಾಲದಿಂದ ಬಲ್ಲರು. ಇಂತಹ ಮೋಸವನ್ನು ಎಷ್ಟೋ ವೇಳೆ ಕಣ್ಣು, ನಾಲಿಗೆಗಳೇ ಹಿಡಿದುಕೊಡುತ್ತವೆ. ಆದರೆ ಪರೀಕ್ಷೆಯ ಮರ್ಮವನ್ನು ಬಲ್ಲವನೇ ಕಲಬೆರಕೆಗೆ ಕೈಹಾಕಿದಾಗ ಪ್ರಯೋಗಶಾಲೆಯೂ ಮೋಸಹೋಗುತ್ತದೆ. 2008ರಲ್ಲಿ ಚೀನಾ ದೇಶದಲ್ಲಿ ಬಯಲಾದ ದುರಂತವು ಇದಕ್ಕೆ ನಿದರ್ಶನ.

ಹಾಲಿನ ಪುಷ್ಟಿಯನ್ನು ಅದರಲ್ಲಿರುವ ಸಸಾರಜನಕದಿಂದ, ಎಂದರೆ ಪ್ರೋಟೀನಿನಿಂದ, ನಿರ್ಧರಿಸುವುದು ವಾಡಿಕೆ. ಹೆಸರೇ ಸೂಚಿಸುವಂತೆ ಈ ವಸ್ತುವಿನಲ್ಲಿ ಸಾರಜನಕವಿದೆ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರಕಟಿಸಿದ ವಿಧಾನವು ಸಾರಜನಕವನ್ನು ಮಾತ್ರ ಅಳೆಯುತ್ತದೆ. ಆ ಅಂಕಿಯನ್ನು 6.38ರಿಂದ ಗುಣಿಸಿ ಹಾಲಿನ ಪ್ರೋಟೀನಿನ ಪ್ರಮಾಣವನ್ನು ಪಡೆಯುತ್ತಾರೆ. ಸಾರಜನಕವು ಎಲ್ಲಿಂದ ಬಂದಿತೆಂಬುದನ್ನು ಈ ವಿಧಾನ ವಿಚಾರಿಸುವುದಿಲ್ಲ. ವಂಚಕರು ಕಂಡುಕೊಂಡ ಕಿಂಡಿ ಇದೇ. ತಟ್ಟೆ, ಬಟ್ಟಲುಗಳ ತಯಾರಿಕೆಯಲ್ಲಿ ಬಳಸುವ ಮೆಲಮೈನ್ ಎಂಬ ರಾಸಾಯನಿಕದ ತೂಕದಲ್ಲಿ ಮೂರನೆಯ ಎರಡು ಪಾಲು ಸಾರಜನಕವೇ ಆಗಿದೆ. ನೀರು ಬೆರೆಸಿದ ಹಾಲಿಗೆ ಇದನ್ನು ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಪುಷ್ಟಿ ಮಾತ್ರ ಇರುವುದಿಲ್ಲ. ಅಂತಹ ಹಾಲಿನ ಪುಡಿಯನ್ನು ಸೇವಿಸಿದ ಶಿಶುಗಳ ಮೂತ್ರಪಿಂಡಗಳಲ್ಲಿ ಕಲ್ಲುಗಳುಂಟಾದವು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. ಸರ್ಕಾರಿ ಲೆಕ್ಕದಂತೆಯೇ 6 ಶಿಶುಗಳು ಅಸುನೀಗಿದವು.

ಈ ಘಟನೆಯ ತರುವಾಯ ವಿಜ್ಞಾನಿಗಳು ಮೆಲಮೈನನ್ನೇ ನೇರವಾಗಿ ಗುರುತಿಸುವ ಸುಲಭ ಉಪಾಯಗಳನ್ನು ಅರಸಿದರು. ಅವುಗಳಲ್ಲೊಂದು ನ್ಯಾನೋ ತಂತ್ರಜ್ಞಾನದ ಸಂವೇದಕ. ಒಂದು ಮೀಟರಿನ ನೂರು ಕೋಟಿಯ ಒಂದು ಭಾಗವೇ ನ್ಯಾನೋಮೀಟರು. ಸುಮಾರು 13 ನ್ಯಾನೋಮೀಟರು ವ್ಯಾಸದ ಚಿನ್ನದ ಕಣಗಳು ನೀರಿನಲ್ಲಿ ತೇಲುತ್ತಿರುವಾಗ ದ್ರಾವಣವು ಹಳದಿಯಾಗಿ ಕಾಣದೆ ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ. ಈ ಕೆಂಪಿಗೆ ಚಿನ್ನದ ಕಣಗಳ ಸೂಕ್ಷ್ಮತೆಯೇ ಕಾರಣವೆಂದು ಮೈಕೆಲ್ ಫ್ಯಾರಡೆ 1857ರಷ್ಟು ಹಿಂದೆಯೇ ವಿವರಿಸಿದ್ದನು. ಕಣಗಳ ಮೇಲಿರುವ ಋಣ ವಿದ್ಯುದಂಶವು ಅವುಗಳನ್ನು ಪರಸ್ಪರ ದೂರವಿರಿಸುತ್ತದೆ. ಮೆಲಮೈನಿನ ಅಮೈನೋ ಗುಂಪುಗಳು ಚಿನ್ನಕ್ಕೆ ಅಂಟಿಕೊಂಡು ಈ ತಡೆಯನ್ನು ತೊಡೆದಾಗ ಕಣಗಳು ಗುಂಪುಗೂಡುತ್ತವೆ. ಕೆಂಪು ದ್ರಾವಣವು ಕೆಲವೇ ನಿಮಿಷಗಳಲ್ಲಿ ನೀಲಿಗೆ ತಿರುಗುತ್ತದೆ. ಬರಿಗಣ್ಣಿಗೆ ಇಷ್ಟೇ ಸಾಕು.

ಆದರೂ ಈ ವಿಧಾನಕ್ಕೆ ಮಿತಿಯುಂಟು. ಹಾಲಿನ ಪ್ರೋಟೀನು, ಕೊಬ್ಬುಗಳು ಕಣಗಳನ್ನು ಸುತ್ತುವರಿದು ಪರೀಕ್ಷೆಯನ್ನು ಮರೆಮಾಚಬಹುದು. ಲವಣ ಹೆಚ್ಚಾದರೆ ಮೆಲಮೈನಿಲ್ಲದೆಯೂ ಬಣ್ಣ ಬದಲಾಗಬಹುದು. ಆದುದರಿಂದ ಹಾಲನ್ನು ಮೊದಲು ಸಂಸ್ಕರಿಸಿ ತಿಳಿಗೊಳಿಸಬೇಕು. ಶಿಶುಗಳ ಹಾಲಿನ ಪುಡಿಗೆ ಕೋಡೆಕ್ಸ್ ಆಯೋಗವು 2010ರಲ್ಲಿ ವಿಧಿಸಿದ ಮಿತಿ ಕಿಲೋಗ್ರಾಮಿಗೆ 1 ಮಿಲಿಗ್ರಾಮು. ಸಂಶಯ ಬಂದ ಮಾದರಿಯನ್ನು ಸುಸಜ್ಜಿತ ಪ್ರಯೋಗಶಾಲೆಗೆ ಕಳುಹಿಸಿ ದೃಢಪಡಿಸಿಕೊಳ್ಳುವುದೇ ಕ್ರಮ. ಸಂವೇದಕವು ಎಚ್ಚರಿಕೆಯ ಗಂಟೆಯೇ ಹೊರತು ನ್ಯಾಯಾಧೀಶನಲ್ಲ.

ಈ ಪಾಠವನ್ನು ತರಗತಿಯಲ್ಲಿ ಹೇಳುವ ಉಪಾಧ್ಯಾಯರು ಇನ್ನೊಂದು ಅಂಶವನ್ನೂ ವಿದ್ಯಾರ್ಥಿಗಳ ಮನಸ್ಸಿಗೆ ತರುವುದು ಒಳಿತು. ಅಂಕಿಯು ವಸ್ತುವಿನ ಗುರುತು ಮಾತ್ರ, ವಸ್ತುವಲ್ಲ. ಸಾರಜನಕದ ಲೆಕ್ಕವನ್ನೇ ಪುಷ್ಟಿಯೆಂದು ನಂಬಿದುದರಿಂದ ಹಸುಳೆಗಳು ಬಲಿಯಾದವು. ಅಂಕಗಳನ್ನೇ ಅರಿವೆಂದು ಭಾವಿಸುವ ವಿದ್ಯಾಭ್ಯಾಸಕ್ಕೂ ಇದೇ ಅಪಾಯವಿದೆ. ಉಪಕರಣಗಳು ಎಷ್ಟೇ ಸೂಕ್ಷ್ಮವಾಗಲಿ, ಏನನ್ನು ಅಳೆಯುತ್ತಿದ್ದೇವೆಂದು ಪ್ರಶ್ನಿಸುವ ಹೊಣೆ ಮನುಷ್ಯನದೇ.